ಐದನೆಯ ಸೈಕಲ್ – ಕಂತು ಒಂಬತ್ತು: ಹಡಗಿನ ಎರಡು ಗಡಿಯಾರಗಳು

"ಮೇಡಂ, ಮೇಲೆ ಹೋಗಬೇಕು. ಹಡಗು ಹೊರಟ ಮೇಲೆ ಇಲ್ಲಿ ಯಾರೂ ಇರುವ ಹಾಗಿಲ್ಲ."

ಕಿತ್ತಳೆ ಜಾಕೆಟ್ಟಿನ ಸಿಬ್ಬಂದಿ ಇಂಗ್ಲಿಷಿನಲ್ಲಿ ಇದನ್ನು ಹೇಳುತ್ತಿದ್ದುದು ಮೂರನೆಯ ಸಲ. ಜೈನಬ್ ಮೊಣಕಾಲೂರಿದಲ್ಲಿಂದ ಏಳಲಿಲ್ಲ. ಒಂದೇ ನಿಮಿಷ ಎಂದು ಬೆರಳೆತ್ತಿ ತೋರಿಸಿ, ಫೋನಿನ ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದಳು.

ಹಡಗಿನ ಹೊಟ್ಟೆಯೊಳಗೆ, ಕಾರುಗಳ ಸಾಲಿನ ಪಕ್ಕದ ಗೋಡೆಗೆ ಐದು ಸೈಕಲ್ಲುಗಳನ್ನು ಹಗ್ಗದಿಂದ ಬಿಗಿದು ನಿಲ್ಲಿಸಿದ್ದರು. ನಾಲ್ಕು ನೆಟ್ಟಗಿದ್ದವು. ಐದನೆಯದರ ಹ್ಯಾಂಡಲ್ ತಿರುಚಿಕೊಂಡಿತ್ತು, ಮುಂದಿನ ಚಕ್ರ ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಅದು ತ್ಯಾಗರಾಜರದು. ನಿನ್ನೆ ಬೆಳಗ್ಗೆ, ಕೆನಡಾದ ಯಾರ್ಮತ್ ಊರಾಚೆ, ದೀಪಸ್ತಂಭದ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟು ಬಂಡೆಗೆ ಅಪ್ಪಳಿಸಿದ ಅವರು, ಅಲ್ಲಿನ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಅರವತ್ತೊಂದು ವಯಸ್ಸಿನ ತ್ಯಾಗರಾಜರಿಗೆ ಒಂದು ಅಭ್ಯಾಸವಿತ್ತು. ಸೈಕಲ್ಲಿನ ಒಂದೊಂದು ಬೋಲ್ಟನ್ನೂ ಬಿಗಿ ಮಾಡಿದ ಮೇಲೆ ಹೆಂಡತಿ ವಸಂತಾರ ಕೆಂಪು ನೇಲ್ ಪಾಲಿಶ್ ತೆಗೆದುಕೊಂಡು, ಬೋಲ್ಟಿನ ತಲೆಯಿಂದ ಪಕ್ಕದ ಲೋಹದ ಮೇಲಕ್ಕೆ ಒಂದು ಸಣ್ಣ ಗೆರೆ ಎಳೆಯುತ್ತಿದ್ದರು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಅಮೆರಿಕಾದ ತಮ್ಮೂರು ಶ್ಯಾಂಟಿಲಿಯ ಸೈಕಲ್ ಬಳಗದವರು ಇದನ್ನು ಅಂಕಲ್ಲಿನ ಕುಂಕುಮಾರ್ಚನೆ ಎಂದು ಗೇಲಿ ಮಾಡುತ್ತಿದ್ದರು.

ಈಗ ನಗು ಬರುವ ಹಾಗಿರಲಿಲ್ಲ. ಸೈಕಲ್ಲಿನ ಮೇಲೆ ಇಪ್ಪತ್ತೆರಡು ಗೆರೆಗಳಿದ್ದವು. ಬಂಡೆಗೆ ಬಡಿದ ಹೊಡೆತಕ್ಕೂ ಇಪ್ಪತ್ತೊಂದು ಅಲುಗಿರಲಿಲ್ಲ. ಮುಂದಿನ ಬ್ರೇಕಿನ ಕೇಬಲ್ಲನ್ನು ಕಚ್ಚಿ ಹಿಡಿಯುವ ಬೋಲ್ಟಿನದು ಮಾತ್ರ ಎರಡು ತುಂಡಾಗಿತ್ತು. ತಲೆಯ ಮೇಲಿನ ಅರ್ಧ, ಎಡಕ್ಕೆ ಕಾಲು ಸುತ್ತು ತಿರುಗಿ ನಿಂತಿತ್ತು.

ಯಾರೋ ತಿರುಗಿಸಿದ್ದರು. ಕಿತ್ತಿರಲಿಲ್ಲ, ಕತ್ತರಿಸಿರಲಿಲ್ಲ, ಕಾಲು ಸುತ್ತು ಸಡಿಲ ಮಾಡಿದ್ದರು, ಅಷ್ಟೇ. ಮೆಲ್ಲಗೆ ಒತ್ತಿದರೆ ಬ್ರೇಕು ಹಿಡಿಯುತ್ತದೆ. ಇಳಿಜಾರಿನಲ್ಲಿ ಜೋರಾಗಿ ಒತ್ತಿದಾಗ ಕೇಬಲ್ಲು ಜಾರುತ್ತದೆ. ಹಿಂದಿನ ಬ್ರೇಕೊಂದೇ ಆ ಇಳಿಜಾರಿಗೆ ಸಾಲದು.

"ಮೇಡಂ!"

"ಬಂದೆ." ಜೈನಬ್ ಮುಂದಿನ ಚೀಲದ ಜಿಪ್ ಎಳೆದು, ಒಳಗೇ ಉಳಿದಿದ್ದ ತ್ಯಾಗರಾಜರ ಪುಟ್ಟ ಕ್ಯಾಮೆರಾವನ್ನು ತನ್ನ ಜೇಬಿಗೆ ಹಾಕಿಕೊಂಡು ಎದ್ದಳು. ಅವಳ ಹಿಂದೆ ಕಬ್ಬಿಣದ ಬಾಗಿಲು ಮುಚ್ಚಿತು. ಕಾಲ ಕೆಳಗಿನ ನೆಲ ಸಣ್ಣಗೆ ನಡುಗಿ ಹಡಗು ದಡ ಬಿಟ್ಟಿತು.

ಮೂರೂವರೆ ಗಂಟೆ. ಅಷ್ಟು ಹೊತ್ತಿಗೆ ಅಮೆರಿಕಾದ ಮೇನ್ ರಾಜ್ಯದ ದಡ ಬರುತ್ತದೆ. ಅಲ್ಲಿಂದ ವ್ಯಾನಿನಲ್ಲಿ ಊರು ತಲುಪಿದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಆಮೇಲೆ ಯಾರನ್ನು ಕೇಳುವುದು, ಯಾರ ಮುಖ ನೋಡುವುದು?

ಕೆನಡಾದ ಪೊಲೀಸರು ಒಳ್ಳೆಯವರೇ. "ಬೋಲ್ಟುಗಳು ಸಡಿಲವಾಗುತ್ತವೆ, ಮೇಡಂ" ಎಂದು ಸಮಾಧಾನ ಹೇಳಿ, ಅಪಘಾತ ಎಂದು ಬರೆದುಕೊಂಡು ಹೋಗಿದ್ದರು. ಆದರೆ ಜೈನಬ್ ಹದಿನಾಲ್ಕು ವರ್ಷದಿಂದ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಗುದ್ದಿದ ಕಾರುಗಳನ್ನು ನೋಡಿ ಎಸ್ಟಿಮೇಟ್ ಬರೆಯುವ ಕೆಲಸ ಮಾಡುತ್ತಿದ್ದವಳು. ಅದಕ್ಕೂ ಮುಂಚೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಅಬ್ಬಾನ ಟಿಂಕರಿಂಗ್ ಗ್ಯಾರೇಜಿನಲ್ಲಿ, ಲೋಹದ ತಗ್ಗನ್ನು ಬೆರಳಲ್ಲಿ ಮುಟ್ಟಿ ಪೆಟ್ಟು ಎಲ್ಲಿಂದ ಬಿತ್ತು ಎಂದು ಹೇಳಲು ಕಲಿತವಳು. ಲೋಹ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ ಅಬ್ಬಾ. ಹೇಳುವವರು ಅದರ ಪಕ್ಕದಲ್ಲಿ ನಿಂತಿರುತ್ತಾರೆ.

ಪಕ್ಕದಲ್ಲಿ ನಿಂತಿದ್ದವರು ಈಗ ಮೂರೇ ಜನ.

*

ಮೇಲಿನ ಲೌಂಜಿನಲ್ಲಿ ಮೂವರೂ ಬೇರೆ ಬೇರೆ ಕೂತಿದ್ದರು. ಮೂರು ದಿನದ ಹಿಂದೆ ಇದೇ ಹಡಗಿನಲ್ಲಿ ಒಂದೇ ಟೇಬಲ್ಲಿನ ಸುತ್ತ ಕೂತು ಚಕ್ಕುಲಿ ಡಬ್ಬ ಖಾಲಿ ಮಾಡಿದವರು ಇವರೇ.

ಕಿಟಕಿಯ ಬಳಿ ಪ್ರತಾಪ್, ಐವತ್ತರ ದಂತವೈದ್ಯ, ಜೋರು ಬಾಯಿ, ಇವತ್ತು ಮಾತಿಲ್ಲ. ವ್ಯಾನಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಸವಾರರ ಹಿಂದೆ ಊಟ, ಸಾಮಾನು ಹೊತ್ತು ಬರುವ ಆ ವ್ಯಾನು ಓಡಿಸುತ್ತಿದ್ದವರು ವಸಂತಾ. ಗಂಡನ ಹಾಸಿಗೆಯ ಪಕ್ಕದಿಂದ ಏಳಲೊಪ್ಪದೆ, "ನೀವೆಲ್ಲ ಹೋಗ್ರಪ್ಪ, ನಾಳೆ ಆಫೀಸು ಇರತ್ತೆ ನಿಮಗೆ, ನಾನಿದೀನಲ್ಲ" ಎಂದು ಎಲ್ಲರನ್ನೂ ಬಲವಂತವಾಗಿ ಕಳಿಸಿ, ಕೀಲಿಯನ್ನು ಪ್ರತಾಪನ ಕೈಗೆ ಕೊಟ್ಟಿದ್ದರು.

ಇನ್ನೊಂದು ಮೂಲೆಯಲ್ಲಿ ಹರಿಣಿ, ಶಾಲು ಹೊದ್ದು, ಸಮುದ್ರ ನೋಡುತ್ತ. ಅವಳ ಗಂಡ ಸುರೇಶ ಸೈಕಲ್ ಮೇಲೆ ಹೋಗುತ್ತಿದ್ದಾಗ ಯಾವುದೋ ಕಾರು ಗುದ್ದಿ ನಿಲ್ಲಿಸದೆ ಹೋಗಿ, ಅವನು ತೀರಿಕೊಂಡು ಮೂರೂವರೆ ವರ್ಷವಾಗಿತ್ತು. ಈ ಬಳಗವನ್ನು ತ್ಯಾಗರಾಜರು ಕಟ್ಟಿದ್ದೇ ಅವನ ನೆನಪಿಗೆ.

ಮೂರನೆಯವನು ಅಭಿಷೇಕ್. ಇಪ್ಪತ್ತೆಂಟು ವರ್ಷ. ಜೈನಬ್ ನೇರವಾಗಿ ಅವನೆದುರು ಕೂತಳು.

"ನಿನ್ನೆ ಬೆಳಗ್ಗೆ ಏಳು ಗಂಟೆಗೆ ಶೆಡ್ಡಿಗೆ ಹೋಗಿದ್ಯಲ್ಲ, ಏನು ಮಾಡ್ದೆ ಅಲ್ಲಿ?"

"ಮತ್ತೆ ಶುರು ಮಾಡಿದ್ರಾ ಆಂಟಿ?" ಅಭಿಷೇಕ್ ಹೆಡ್‌ಫೋನ್ ಕಿತ್ತು ಟೇಬಲ್ಲಿನ ಮೇಲಿಟ್ಟ. "ಎಷ್ಟು ಸಲ ಹೇಳ್ಲಿ? ಟಯರಿಗೆ ಏರ್ ಚೆಕ್ ಮಾಡ್ದೆ. ಐದು ನಿಮಿಷ. ವಾಪಸ್ ಬಂದೆ."

"ಹಿಂದಿನ ರಾತ್ರಿ ಅವರ ಜೊತೆ ಜಗಳ ಆಡಿದ್ದೆ."

"ಆಡಿದ್ದೆ. ನನ್ನ ಪ್ರಾಜೆಕ್ಟಿಂದ ತೆಗೀತಿದಾರೆ, ಅದನ್ನ ಟೀಮ್ ಲೀಡ್ ಆಗಿ ಅಂಕಲ್ಲೇ ಹೇಳ್ಬೇಕಾಯ್ತು. ಕೆಲಸ ಹೋದ್ರೆ ಸಿಕ್ಸ್ಟಿ ಡೇಸ್ ಇರತ್ತೆ ನನಗೆ, ಅಷ್ಟರಲ್ಲಿ ಬೇರೆ ಹುಡುಕ್ಕೋಬೇಕು, ಇಲ್ದಿದ್ರೆ ದೇಶ ಬಿಡ್ಬೇಕು. ಕೂಗಾಡಿದೆ. ತಪ್ಪು. ಆದ್ರೆ ಅದಕ್ಕೆ ಬ್ರೇಕ್ ಸಡಿಲ ಮಾಡ್ತೀನಾ?" ಅವನು ಹೆಡ್‌ಫೋನನ್ನು ಪಕ್ಕಕ್ಕೆ ತಳ್ಳಿದ. "ನನಗೆ ಜಾಬ್ ರೆಫರ್ ಮಾಡ್ತೀನಿ ಅಂದಿದ್ರು ಅವ್ರು. ಅವತ್ತೇ ರಾತ್ರಿ. ಜಗಳ ಆದ್ಮೇಲೆ ರೂಮಿಗೆ ಬಂದು."

ಅವನು ಹೇಳಿದ್ದು ನಿಜವೆನ್ನಿಸಿತು. ಆದರೆ ಜೇಬಿನಲ್ಲಿದ್ದ ಕ್ಯಾಮೆರಾ ಬೇರೆ ಹೇಳುತ್ತಿತ್ತು.

ತ್ಯಾಗರಾಜರು ಪ್ರತಿ ಸವಾರಿಗೆ ಮುಂಚೆ ಸೈಕಲ್ಲಿನ ಒಂದು ಫೋಟೋ ತೆಗೆಯುತ್ತಿದ್ದರು. ಮೇಲೆ ಬರುವ ಮೆಟ್ಟಿಲಲ್ಲೇ ಅವಳು ನೋಡಿದ್ದಳು, ನಿನ್ನೆಯದೂ ಇತ್ತು. ವಸತಿಗೃಹದ ಹಿಂದಿನ ಶೆಡ್ಡು, ಗೋಡೆಗೆ ಒರಗಿದ ಸೈಕಲ್ಲು. ದೊಡ್ಡದು ಮಾಡಿ ನೋಡಿದರೆ ಮುಂದಿನ ಬ್ರೇಕಿನ ಬೋಲ್ಟು, ಅದರ ಮೇಲೆ ನೆಟ್ಟಗಿನ ಕೆಂಪು ಗೆರೆ. ಕೆಳಗೆ ಸಮಯ ಆರು ಗಂಟೆ ನಲವತ್ತೆರಡು ನಿಮಿಷ. ಅಂದರೆ ಆ ಹೊತ್ತಿಗೆ ಬೋಲ್ಟು ಬಿಗಿಯಾಗಿತ್ತು. ಸವಾರಿ ಹೊರಟದ್ದು ಎಂಟಕ್ಕೆ. ನಡುವೆ, ಏಳು ಗಂಟೆಗೆ, ಶೆಡ್ಡಿಗೆ ಹೋದವನು ಅಭಿಷೇಕ್.

"ಆಂಟಿ, ನೀವು ಪೊಲೀಸ್ ಅಲ್ಲ," ಎಂದ ಅವನು ತಗ್ಗಿದ ದನಿಯಲ್ಲಿ. "ನೀವು ಹೀಗೆ ಎಲ್ಲರೆದುರು ನನ್ನ ಹೆಸರು ಹೇಳ್ತಿದ್ರೆ, ಅದು ನನ್ನ ವೀಸಾ ತನಕ ಹೋಗತ್ತೆ. ಗೊತ್ತಾ ನಿಮಗೆ?"

ಜೈನಬಳ ಕಣ್ಣು ಅವನ ತಲೆಯ ಮೇಲಿನ ಗೋಡೆಯ ಮೇಲೆ ನೆಟ್ಟಿತ್ತು.

ಗೋಡೆಯ ಮೇಲೆ ಎರಡು ಗಡಿಯಾರಗಳಿದ್ದವು. ಒಂದರ ಕೆಳಗೆ ಯಾರ್ಮತ್ ಎಂದು ಬರೆದಿತ್ತು, ಇನ್ನೊಂದರ ಕೆಳಗೆ ಮೇನ್ ಎಂದು. ಯಾರ್ಮತ್ ಹತ್ತು ಗಂಟೆ ಐದು ನಿಮಿಷ ತೋರಿಸುತ್ತಿತ್ತು. ಮೇನ್ ಒಂಬತ್ತು ಗಂಟೆ ಐದು ನಿಮಿಷ.

ಒಂದು ಗಂಟೆಯ ವ್ಯತ್ಯಾಸ.

ಫೋನುಗಳು ಗಡಿ ದಾಟಿದ ಕೂಡಲೆ ತಾವೇ ಸಮಯ ಬದಲಾಯಿಸಿಕೊಳ್ಳುತ್ತವೆ. ಹತ್ತು ವರ್ಷ ಹಳೆಯ ಕ್ಯಾಮೆರಾಕ್ಕೆ ಯಾರು ಹೇಳಬೇಕು?

ಅವಳು ಕ್ಯಾಮೆರಾ ಆನ್ ಮಾಡಿದಳು. ಮೂಲೆಯಲ್ಲಿ ಸಣ್ಣ ಅಂಕಿಗಳು ಮೂಡಿದವು. ಒಂಬತ್ತು ಗಂಟೆ ಆರು ನಿಮಿಷ. ಮೇನ್‌ಗೂ ಶ್ಯಾಂಟಿಲಿಗೂ ಒಂದೇ ಸಮಯ; ಕ್ಯಾಮೆರಾ ಇನ್ನೂ ಶ್ಯಾಂಟಿಲಿಯಲ್ಲೇ ಇತ್ತು.

ಹಾಗಾದರೆ ಫೋಟೋ ತೆಗೆದಾಗ ಯಾರ್ಮತ್‌ನಲ್ಲಿ ಆರು ನಲವತ್ತೆರಡು ಆಗಿರಲಿಲ್ಲ. ಏಳು ನಲವತ್ತೆರಡಾಗಿತ್ತು. ಅಭಿಷೇಕ್ ಶೆಡ್ಡಿಗೆ ಹೋಗಿ ಬಂದು ಮುಕ್ಕಾಲು ಗಂಟೆಯ ಮೇಲೂ ಆ ಕೆಂಪು ಗೆರೆ ನೆಟ್ಟಗೇ ಇತ್ತು.

"ಸಾರಿ, ಅಭಿ," ಎಂದಳು ಜೈನಬ್. "ತಪ್ಪು ನಂದು. ನೀನಲ್ಲ."

"ಅಂದ್ರೆ?"

"ನೀನಲ್ಲ ಅಂದ್ರೆ ನೀನಲ್ಲ. ಕಾಫಿ ಕುಡಿ ಹೋಗು."

ಅವನು ಬೆಪ್ಪಾಗಿ ನೋಡುತ್ತಲೇ ಇದ್ದ. ಅವಳು ಎದ್ದು ಕಿಟಕಿಯ ಬಳಿ ಹೋಗಿ ನಿಂತು ಕಣ್ಣು ಮುಚ್ಚಿದಳು. ಏಳು ನಲವತ್ತೆರಡರಿಂದ ಎಂಟು. ಹದಿನೆಂಟು ನಿಮಿಷ. ಅವರೆಲ್ಲ ಆಗ ತಿಂಡಿಯ ಟೇಬಲ್ಲಿನಲ್ಲಿದ್ದರು. ಪ್ರತಾಪ್ ಮೂರನೆಯ ಪ್ಯಾನ್‌ಕೇಕಿಗೆ ಸಿರಪ್ ಸುರಿಯುತ್ತ, ಯಾವುದೋ ಪೇಷೆಂಟಿನ ಕಥೆ ಹೇಳುತ್ತಿದ್ದ. ಅಭಿಷೇಕ್ ಅವಳ ಎಡಕ್ಕೆ, ಲ್ಯಾಪ್‌ಟಾಪ್ ತೆರೆದುಕೊಂಡು. ತ್ಯಾಗರಾಜರು ಶೆಡ್ಡಿನಿಂದ ಒಳಗೆ ಬಂದು, ಕೈ ತೊಳೆದು, ಹೊರಡೋಣವೇ ಎಂದು ಕೇಳಿ ಓಟ್ಸ್ ಹಾಕಿಸಿಕೊಂಡು ಕೂತಿದ್ದರು.

ಆಗ ಒಬ್ಬಳು ಎದ್ದಿದ್ದಳು. "ಗ್ಲೋವ್ಸ್ ಮರ್ತೆ, ತಂದುಬಿಡ್ತೀನಿ" ಎಂದು.

ಜೈನಬ್ ಕಣ್ಣು ತೆರೆದಳು. ಮೂಲೆಯ ಕುರ್ಚಿ ಖಾಲಿಯಾಗಿತ್ತು. ಗಾಜಿನ ಬಾಗಿಲಾಚೆ, ಹೊರಗಿನ ಡೆಕ್ಕಿನ ಕಂಬಿ ಹಿಡಿದು, ಶಾಲು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿರಲು ಹರಿಣಿ ನಿಂತಿದ್ದಳು.

*

ಹೊರಗೆ ಗಾಳಿ ಮೈಮೇಲೆ ಬಿದ್ದು ತಳ್ಳುತ್ತಿತ್ತು. ಹಡಗಿನ ಹಿಂದೆ ಬಿಳಿ ನೊರೆಯ ದಾರಿ ಬಿಚ್ಚಿಕೊಂಡು ಹೋಗುತ್ತಿತ್ತು, ಅದರಾಚೆ ಮಂಜಿನಲ್ಲಿ ಯಾರ್ಮತ್ ಆಗಲೇ ಕಾಣದಾಗಿತ್ತು. ಜೂನ್ ತಿಂಗಳಾದರೂ ಚಳಿ.

"ಹರಿಣಿ."

ಅವಳು ತಿರುಗಲಿಲ್ಲ.

"ನಿನ್ನೆ ತಿಂಡಿ ಮಧ್ಯ ಎದ್ದು ಗ್ಲೋವ್ಸ್ ತರೋಕೆ ಹೋದೆ. ವಾಪಸ್ ಬಂದಾಗ ನಿನ್ನ ಕೈಯಲ್ಲಿ ಗ್ಲೋವ್ಸ್ ಇರಲಿಲ್ಲ. ಎಲ್ಲಿಗೆ ಹೋಗಿದ್ದೆ?"

"ಶೆಡ್ಡಿಗೆ."

ಇಷ್ಟು ಸಲೀಸಾಗಿ ಉತ್ತರ ಬರುತ್ತದೆಂದು ಜೈನಬ್ ಅಂದುಕೊಂಡಿರಲಿಲ್ಲ.

"ಯಾಕೆ?"

"ನೀವೇ ಹೇಳಿ. ಒಂದು ದಿನದಿಂದ ಎಲ್ಲರನ್ನೂ ಕೇಳ್ತಾನೇ ಇದೀರಲ್ಲ. ನಾನು ಯಾಕೆ ಹೋಗಿದ್ದೆ ಅಂದ್ಕೊಂಡಿದೀರಿ?" ಹರಿಣಿ ಈಗ ತಿರುಗಿದಳು. ಕಣ್ಣು ಕೆಂಪಾಗಿದ್ದವು, ಆದರೆ ಒದ್ದೆಯಿರಲಿಲ್ಲ. ಎರಡು ವರ್ಷದಿಂದ ಅವಳು ಜೈನಬಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಇವತ್ತು ಆ ಮಾತು ಅವಳ ಬಾಯಿಂದ ಬಿದ್ದುಹೋಗಿತ್ತು.

"ಬ್ರೇಕಿನ ಬೋಲ್ಟು ತಿರುಗಿಸಿದ್ದು ನೀನಾ?"

"ಅಲ್ಲ."

"ಹಾಗಾದ್ರೆ ಶೆಡ್ಡಲ್ಲಿ ಏನು ಕೆಲಸ?"

ಹರಿಣಿ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. ಹೇಳಬೇಕೋ ಬೇಡವೋ ಎಂದು ತೂಗುತ್ತಿದ್ದಳೆಂದು ಕಾಣುತ್ತಿತ್ತು. ಆಮೇಲೆ ಒಂದೇ ಉಸಿರಿಗೆ ಹೇಳತೊಡಗಿದಳು.

"ಹಿಂದಿನ ದಿನ ಸಂಜೆ ಅಂಕಲ್ ನನ್ನ ಹೊರಗೆ ಕರೆದ್ರು. ಹರಿಣಿ, ಸುರೇಶನ್ನ ಗುದ್ದಿದ ಕಾರು ಯಾವುದು ಅಂತ ನನಗೆ ಗೊತ್ತಾಗಿದೆ ಅಂದ್ರು. ಯಾರದು ಅಂತ ಕೇಳ್ದೆ. ಈಗ ಬೇಡ, ನಾಳೆ ದೀಪಸ್ತಂಭದ ಹತ್ರ, ಎಲ್ಲರೂ ಇರೋವಾಗ ನನ್ನ ಬಾಯಲ್ಲೇ ಹೇಳ್ತೀನಿ ಅಂದ್ರು. ನಾವು ಈ ಟ್ರಿಪ್ಪಿಗೆ ಹೊರಡದೆ ಇದ್ದಿದ್ರೆ ಆ ಪೇಪರ್ ನನ್ನ ಕೈಗೆ ಸಿಗ್ತಾನೇ ಇರಲಿಲ್ಲ ಅಂದ್ರು. ಪೇಪರ್ ಸೈಕಲ್ಲಿನ ಸೀಟ್ ಕೆಳಗಿನ ಚೀಲದಲ್ಲಿದೆ, ಅಲ್ಲೇ ಸೇಫ್ ಅಂದ್ರು."

"ಯಾ ಅಲ್ಲಾಹ್," ಎಂದಳು ಜೈನಬ್ ಮೆಲ್ಲಗೆ.

"ಮೂರೂವರೆ ವರ್ಷ ಕಾದಿದ್ದೆ. ಇನ್ನೊಂದು ರಾತ್ರಿ ಹೇಗೋ ಕಾದೆ. ಬೆಳಗ್ಗೆ ಅವರು ಓಟ್ಸ್ ತಿಂತಾ ಕೂತಿರೋದು ನೋಡಿ ನನ್ನ ಕೈಲಿ ಆಗ್ಲಿಲ್ಲ. ಎದ್ದು ಹೋಗಿ ಆ ಚೀಲ ತೆಗೆದೆ. ಒಂದು ಕವರ್ ಇತ್ತು. ತಗೊಂಡೆ. ಅಷ್ಟೆ ನಾನು ಮಾಡಿದ್ದು. ಬ್ರೇಕ್ ಕಡೆ ತಿರುಗಿ ಕೂಡ ನೋಡಿಲ್ಲ."

"ಅಲ್ಲಿ ಬೇರೆ ಯಾರಾದ್ರೂ ಇದ್ರಾ?"

"ಯಾರೂ ಇರಲಿಲ್ಲ. ಹೊರಗೆ ವ್ಯಾನ್ ಹತ್ರ ವಸಂತಾ ಆಂಟಿ ಕೂಲರಿಗೆ ಐಸ್ ತುಂಬ್ತಿದ್ರು. ಚಿತ್ರಾನ್ನ ಪ್ಯಾಕ್ ಮಾಡಿದೀನಿ, ಹಸಿವಾದ್ರೆ ಹೇಳು ಅಂದ್ರು. ಅಷ್ಟೇ."

"ಹರಿಣಿ, ಇದನ್ನ ನಿನ್ನೆಯೇ ಯಾಕೆ ಹೇಳ್ಲಿಲ್ಲ? ಅವರು ಅಲ್ಲಿ ಹಾಗೆ ಮಲಗಿರೋವಾಗ—"

"ಯಾರಿಗೆ ಹೇಳ್ಬೇಕಿತ್ತು? ನಿಮಗಾ?"

ಆ ಎರಡು ಮಾತಿನ ಚೂಪಿಗೆ ಜೈನಬ್ ಒಂದು ಹೆಜ್ಜೆ ಹಿಂದೆ ಸರಿದಳು.

ಹರಿಣಿ ಶಾಲಿನ ಒಳಗಿನಿಂದ ಮಡಿಸಿದ ಕವರೊಂದನ್ನು ತೆಗೆದು, ಗಾಳಿಗೆ ಹಾರದಂತೆ ಎರಡೂ ಕೈಯಲ್ಲಿ ಬಿಚ್ಚಿ ಹಿಡಿದಳು. ಒಳಗೆ ಒಂದೇ ಹಾಳೆ. ಮೇಲೆ ಎರಡನೆಯ ಪುಟ ಎಂದು ಅಚ್ಚಾಗಿತ್ತು. ಹೆಸರು, ವಿಳಾಸ ಇರುವ ಮೊದಲ ಪುಟವನ್ನು ತ್ಯಾಗರಾಜರು ಅದರಲ್ಲಿ ಇಟ್ಟಿರಲಿಲ್ಲ.

ಆ ಹಾಳೆಯ ನಮೂನೆಯನ್ನು ಜೈನಬ್ ನಿದ್ದೆಗಣ್ಣಿನಲ್ಲೂ ಗುರುತಿಸುತ್ತಿದ್ದಳು. ಅದು ಅವಳ ಕಂಪನಿಯದು. ನಾಲ್ಕು ಫೋಟೋಗಳು. ಬೂದು ಬಣ್ಣದ ಕಾರಿನ ಮುಂಭಾಗ, ಬಲಗಡೆ ನುಗ್ಗಾಗಿದೆ. ಕೆಳಗೆ ಒಂದು ಸಾಲು: ನವೆಂಬರ್ ಹದಿನಾಲ್ಕು, 2020, ಬೆಳಗಿನ ಜಾವ, ಲ್ಯಾನ್‌ಹ್ಯಾಮ್, ಮೇರಿಲ್ಯಾಂಡ್. ಕಾರಣ, ಅಡ್ಡ ಬಂದ ಜಿಂಕೆ. ಪರಿಶೀಲಿಸಿ ಒಪ್ಪಿದವರು, ಜೆಡ್. ಬಿ.

ಜೈನಬ್ ಬಾನು.

"ಓದಿ," ಎಂದಳು ಹರಿಣಿ. "ಜೋರಾಗಿ ಓದಿ. ನವೆಂಬರ್ ಹದಿನಾಲ್ಕು. ಅವತ್ತು ನರಕ ಚತುರ್ದಶಿ. ಎಣ್ಣೆ ನೀರು ರೆಡಿ ಮಾಡು, ಒಂದು ರೌಂಡ್ ಹೊಡ್ಕೊಂಡು ಬರ್ತೀನಿ ಅಂತ ಸುರೇಶ ಹೋದ. ನಾನು ನೀರು ಕಾಯಿಸಿಕೊಂಡು ಕೂತಿದ್ದೆ. ಅದೇ ದಿನ, ಅದೇ ಹೊತ್ತು ಒಂದು ಕಾರಿಗೆ ಜಿಂಕೆ ಗುದ್ದಿತು ಅಂತ ನೀವು ಸಹಿ ಹಾಕಿದೀರಿ. ಅದು ಯಾರ ಕಾರು? ನಿಮ್ಮದಾ? ನಿಮ್ಮ ಮನೆಯವ್ರು ಒವೈಸ್ ಭಾಯಿದಾ?"

"ಅಲ್ಲ! ಹರಿಣಿ, ಅಲ್ಲ. ನಮ್ಮ ಹತ್ರ ಬೂದು ಕಾರು ಯಾವತ್ತೂ ಇರಲಿಲ್ಲ. ಆಗ ನನಗೆ ನಿಮ್ಮ ಯಾರ ಪರಿಚಯ ಕೂಡ ಇರಲಿಲ್ಲ."

"ಹಾಗಾದ್ರೆ ಯಾರದು?"

"ನನಗೆ ನೆನಪಿಲ್ಲ."

"ನೆನಪಿಲ್ವಾ?"

"ಆಗ ಕೋವಿಡ್. ಯಾರ ಮನೆಗೂ ಹೋಗೋ ಹಾಗಿರಲಿಲ್ಲ. ಜನ ಫೋನಲ್ಲಿ ಫೋಟೋ ತೆಗೆದು ಕಳಿಸೋರು, ನಾವು ಮನೇಲಿ ಕೂತು ನೋಡಿ ಓಕೆ ಮಾಡೋದು. ದಿನಕ್ಕೆ ನಲವತ್ತು. ನವೆಂಬರಲ್ಲಿ ಅರ್ಧಕ್ಕರ್ಧ ಜಿಂಕೆ ಕೇಸುಗಳೇ..."

ಅಷ್ಟರಲ್ಲಿ ಅವಳ ಕಣ್ಣು ತನ್ನ ಹಳೆಯ ಕೆಲಸವನ್ನು ತಾನೇ ಮಾಡತೊಡಗಿತ್ತು.

ಜಿಂಕೆ ಗುದ್ದಿದ ಕಾರಿನ ಜಾಲರಿಯಲ್ಲಿ ಕೂದಲು ಸಿಕ್ಕಿಕೊಂಡಿರುತ್ತದೆ. ಈ ಫೋಟೋದಲ್ಲಿ ಒಂದು ಎಳೆಯೂ ಇರಲಿಲ್ಲ. ವಿಂಡ್‌ಶೀಲ್ಡಿನ ಬಲ ಮೂಲೆಯಲ್ಲಿ, ಎತ್ತರದಲ್ಲಿ, ದುಂಡಗೆ ಒಂದು ಬಿರುಕು. ಎತ್ತರದಿಂದ ಬಿದ್ದ ತಲೆಯೊಂದರ ಅಳತೆಯದು. ಬಂಪರಿನ ಮೇಲೆ ನೆಟ್ಟಗೆ, ಎರಡು ಬೆರಳಿಗಿಂತ ಕಿರಿದಾದ ಕಪ್ಪು ಉಜ್ಜು ಗುರುತು.

ರಬ್ಬರಿನದು. ಸೈಕಲ್ ಟಯರಿನ ಅಗಲ.

ಅಬ್ಬಾನ ಗ್ಯಾರೇಜಿನಲ್ಲಿ ಎಂಟು ವರ್ಷದವಳಾಗಿದ್ದಾಗಲೂ ಅವಳು ಇದನ್ನು ಹೇಳುತ್ತಿದ್ದಳು. ನಲವತ್ತು ವರ್ಷದವಳಾಗಿ, ಕಾಫಿ ಕುಡಿಯುತ್ತ, ಮೂರನೆಯ ಫೋಟೋ ಪೂರ್ತಿ ನೋಡುವ ಮುಂಚೆ ಒಪ್ಪಿಗೆಯ ಗುಂಡಿ ಒತ್ತಿದ್ದಳು. ಅವತ್ತು ಒಂದು ನಿಮಿಷ ಹೆಚ್ಚು ನೋಡಿದ್ದರೆ ಹರಿಣಿ ಮೂರೂವರೆ ವರ್ಷ ಹೀಗೆ ಬದುಕಬೇಕಿರಲಿಲ್ಲ. ತ್ಯಾಗರಾಜರು ಈಗ ಆ ಹಾಸಿ‌ಗೆಯ ಮೇಲಿರುತ್ತಿರಲಿಲ್ಲ.

ಅವಳು ಕಂಬಿ ಹಿಡಿದುಕೊಂಡಳು.

"ಇದು ಜಿಂಕೆ ಅಲ್ಲ," ಎಂದಳು. "ನಾನು ನೋಡ್ಬೇಕಿತ್ತು. ನೋಡ್ಲಿಲ್ಲ. ತಪ್ಪು ನಂದೇ ಹರಿಣಿ. ನೀನು ಏನು ಬೈದ್ರೂ ಅದು ಕಮ್ಮಿ."

ಹರಿಣಿ ಬಯ್ಯಲಿಲ್ಲ. ಅದೇ ಹೆಚ್ಚು ಸುಟ್ಟಿತು. ಅವಳು ಜೈನಬಳ ಮುಖವನ್ನೇ ನೋಡುತ್ತ ನಿಂತಳು. ಅಲ್ಲಿ ಕಂಡದ್ದರಿಂದ ಅವಳ ಸಂಶಯ ಹೋಯಿತೋ, ಇಲ್ಲ ಬೇರೆ ದಾರಿ ಕಾಣಲಿಲ್ಲವೋ, ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು:

"ಲ್ಯಾನ್‌ಹ್ಯಾಮ್ ಅಂತ ಯಾಕೆ ಇದೆ? ಸುರೇಶ ಬಿದ್ದಿದ್ದು ಶ್ಯಾಂಟಿಲಿಯಲ್ಲಿ. ನಲವತ್ತು ಮೈಲಿ."

"ದೂರದ ಊರು ಹೇಳಿದ್ರೆ ಯಾರೂ ಎರಡನ್ನೂ ಸೇರಿಸಿ ನೋಡಲ್ಲ. ರಾಜ್ಯವೇ ಬೇರೆ, ಪೊಲೀಸರೇ ಬೇರೆ." ಜೈನಬ್ ಯೋಚಿಸುತ್ತ ಹೇಳಿದಳು. "ಆದ್ರೆ ಹಬ್ಬದ ದಿನ ಬೆಳಗಿನ ಜಾವ ಲ್ಯಾನ್‌ಹ್ಯಾಮ್‌ಗೆ ಹೋಗಿದ್ದೆ ಅಂತ ಯಾರು ಹೇಳಿದ್ರೆ ಜನ ಕಣ್ಣು ಮುಚ್ಚಿ ನಂಬ್ತಾರೆ?"

ಇಬ್ಬರಿಗೂ ಉತ್ತರ ಗೊತ್ತಿತ್ತು. ಲ್ಯಾನ್‌ಹ್ಯಾಮ್ ಎಂದರೆ ಶಿವ ವಿಷ್ಣು ದೇವಸ್ಥಾನ. ಹೇಳಿದವರು ದಕ್ಷಿಣ ಭಾರತದವರು. ಬಹುಶಃ ತಮ್ಮವರೇ.

"ಅಭಿಷೇಕ್ ಅಮೆರಿಕಾಕ್ಕೆ ಬಂದಿದ್ದೇ ಎರಡು ವರ್ಷದ ಹಿಂದೆ," ಎಂದಳು ಹರಿಣಿ. ಅವಳ ಕಣ್ಣು ನಿಧಾನವಾಗಿ ಗಾಜಿನ ಬಾಗಿಲಿನ ಕಡೆ ಹೊರಳಿತು. ಒಳಗೆ ಪ್ರತಾಪ್ ಇನ್ನೂ ಕೀಲಿ ತಿರುಗಿಸುತ್ತಿದ್ದ. "ಪ್ರತಾಪ್ ಹತ್ರ ಮೊದಲು ಬೂದು ಕಾರಿತ್ತು."

"ಶ್ಯಾಂಟಿಲಿಯಲ್ಲಿ ಎರಡು ಮನೆಗೆ ಒಂದು ಬೂದು ಕಾರಿದೆ."

"ಅವನು ಹುಚ್ಚನ ಹಾಗೆ ಓಡಿಸ್ತಾನೆ ಅಕ್ಕ. ಈಗ ಹಡಗು ಇಳಿದ ಮೇಲೆ ಆ ವ್ಯಾನು ಓಡಿಸೋದು ಅವನೇ."

ಅಕ್ಕ ಎಂದದ್ದು ಹರಿಣಿಯ ಗಮನಕ್ಕೆ ಬಂದಿರಲಿಲ್ಲ. ಜೈನಬಳ ಗಮನಕ್ಕೆ ಬಂತು. ಅವಳು ಹಾಳೆಯ ಕೆಳ ಅಂಚು ನೋಡಿದಳು. ಅಲ್ಲಿ ಸಣ್ಣ ಅಕ್ಷರದಲ್ಲಿ ಹನ್ನೊಂದು ಅಂಕಿಗಳ ಕ್ಲೇಮ್ ನಂಬರ್ ಇತ್ತು.

ಊಹೆ ಮಾಡಬೇಕಿರಲಿಲ್ಲ. ಅವಳ ಫೋನಿನಲ್ಲಿ ಕಂಪನಿಯ ಆ್ಯಪ್ ಇತ್ತು. ನಂಬರ್ ಹಾಕಿದರೆ ಹೆಸರು ಬರುತ್ತದೆ. ಜೊತೆಗೆ, ಮುಚ್ಚಿಹೋದ ಕ್ಲೇಮನ್ನು ಕೆಲಸದ ಕಾರಣವಿಲ್ಲದೆ ಯಾರು ತೆರೆದರು, ಯಾವಾಗ, ಎಲ್ಲಿಂದ ಎಂಬುದೂ ದಾಖಲಾಗುತ್ತದೆ. ಅದನ್ನು ಮಾಡಿದ ಇಬ್ಬರನ್ನು ಹೋದ ವರ್ಷ ಮಧ್ಯಾಹ್ನದೊಳಗೆ ಮನೆಗೆ ಕಳಿಸಿದ್ದರು. ಸಹಿ ಹಾಕಿದ್ದು ತಾನೇ ಎಂದ ಮೇಲೆ ಕೆಲಸ ಮಾತ್ರ ಹೋಗುತ್ತದೆಂಬ ಭರವಸೆಯೂ ಇರಲಿಲ್ಲ.

ಹದಿನಾಲ್ಕು ವರ್ಷ. ಅವಳು ಒಮ್ಮೆ ಒವೈಸ್‌ಗೆ ಫೋನ್ ಮಾಡಿ ಕೇಳಬೇಕೆಂದುಕೊಂಡಳು. ಆಮೇಲೆ ಹರಿಣಿಯ ಬೆರಳುಗಳನ್ನು ನೋಡಿದಳು. ಆ ಹಾಳೆಯನ್ನು ಹಿಡಿದ ಉಗುರುಗಳು ಬಿಳಿಚಿಕೊಂಡಿದ್ದವು.

"ನಂಬರ್ ಓದು," ಎಂದಳು.

ಹರಿಣಿ ಒಂದೊಂದಾಗಿ ಓದಿದಳು. ಜೈನಬ್ ಒತ್ತಿದಳು. ಹಡಗಿನ ವೈಫೈ ಆಮೆಯ ಹಾಗೆ ತೆವಳುತ್ತಿತ್ತು. ಪರದೆಯ ಮೇಲೆ ಸಣ್ಣ ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಅಲೆಯೊಂದು ಪಕ್ಕಕ್ಕೆ ಬಡಿದು ಇಬ್ಬರ ಮುಖಕ್ಕೂ ಉಪ್ಪು ನೀರು ಸಿಡಿಯಿತು. ಜೈನಬ್ ಕುರ್ತಾದ ತೋಳಿನಲ್ಲಿ ಪರದೆ ಒರೆಸಿದಳು.

ಪುಟ ಮೇಲಿನಿಂದ ಕೆಳಕ್ಕೆ, ಸಾಲು ಸಾಲಾಗಿ ಬಿಚ್ಚಿಕೊಂಡಿತು. ತಾರೀಖು. ಕಾರಿನ ಬಣ್ಣ. ಕಾರಣ.

ಪಾಲಿಸಿದಾರರು: ವಸಂತಾ ತ್ಯಾಗರಾಜ್.

ಕೆಳಗೆ ಶ್ಯಾಂಟಿಲಿಯ ವಿಳಾಸ. ಪ್ರತಿ ಭಾನುವಾರ ಬೆಳಗ್ಗೆ ಎಲ್ಲರೂ ಸೈಕಲ್ ಇಳಿಸಿಕೊಂಡು, ಆಂಟಿಯ ಕೈಯ ಫಿಲ್ಟರ್ ಕಾಫಿ ಕುಡಿದು ಹೊರಡುತ್ತಿದ್ದ ಮನೆ.

ಹಾಳೆ ಹರಿಣಿಯ ಕೈಯಿಂದ ಜಾರಿತು. ಜೈನಬ್ ಅದನ್ನು ಗಾಳಿಗೆ ಹೋಗುವ ಮೊದಲು ಕಾಲಿನಿಂದ ತುಳಿದು ಹಿಡಿದಳು. ಅವಳ ತಲೆಯೊಳಗೆ ಒಂದರ ಹಿಂದೊಂದು ಬಾಗಿಲು ತೆರೆಯುತ್ತಿದ್ದವು. ಟ್ರಿಪ್ಪಿಗೆ ಪಾಸ್‌ಪೋರ್ಟ್ ಬೇಕಾಗಿತ್ತು. ತ್ಯಾಗರಾಜರು ಮನೆಯ ಹಳೆಯ ಫೈಲುಗಳನ್ನು ಕೆದಕಿದ್ದರು. ಈ ಪೇಪರ್ ಅವರಿಗೆ ಸಿಕ್ಕಿದ್ದು ಅಲ್ಲಿ. ತನ್ನ ಬಾಯಲ್ಲೇ ಹೇಳುತ್ತೇನೆಂದದ್ದು ತನ್ನ ಹೆಂಡತಿಯ ಹೆಸರನ್ನು.

ತಿಂಡಿಯ ಟೇಬಲ್ಲಿನಲ್ಲಿ ಯಾರು ಯಾರು ಇದ್ದರೆಂದು ಅವಳು ಲೆಕ್ಕ ಹಾಕಿದ್ದಳು. ಶೆಡ್ಡಿನ ಹೊರಗೆ ದುಡಿಯುತ್ತಿದ್ದವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಅಕ್ಕ," ಎಂದಳು ಹರಿಣಿ. "ಅಲ್ಲಿ ಅಂಕಲ್ ಜೊತೆ ಯಾರಿದಾರೆ?"

ಗಾಜಿನ ಬಾಗಿಲು ಧಡಾರನೆ ತೆರೆಯಿತು. ಪ್ರತಾಪ್ ಎರಡೂ ಕೈ ಮೇಲೆತ್ತಿಕೊಂಡು ಓಡಿ ಬಂದ. ಅವನ ಹಿಂದೆ ಅಭಿಷೇಕ್, ಕಣ್ಣಲ್ಲಿ ನೀರು, ಬಾಯಿ ತುಂಬ ನಗು.

"ಗ್ರೂಪ್ ನೋಡಿ! ಗ್ರೂಪ್ ನೋಡ್ರೀ!" ಎಂದು ಪ್ರತಾಪ್ ಕೂಗಿದ. "ತ್ಯಾಗರಾಜ್‌ಗೆ ಎಚ್ಚರ ಆಗಿದೆ!"

ಜೈನಬಳ ಕೈಯಲ್ಲಿದ್ದ ಫೋನು ನಡುಗಿತು. ಪರದೆಯ ಮೇಲಿದ್ದ ಹೆಸರಿನ ಮೇಲೆಯೇ ಅದೇ ಹೆಸರಿನವರ ಮೆಸೇಜು ಬಂದು ಕೂತಿತು.

"ನಮ್ಮವರು ಕಣ್ಣು ಬಿಟ್ರು. ದೇವರು ದೊಡ್ಡವನು. ಡಾಕ್ಟರು ನೋಡಿ ಹೋದ್ರು. ಯಾರೂ ಗಾಬರಿ ಆಗ್ಬೇಡಿ."

ಪ್ರತಾಪ್ ಅಭಿಷೇಕನನ್ನು ಎತ್ತಿ ತಿರುಗಿಸುತ್ತಿದ್ದ. ಡೆಕ್ಕಿನಲ್ಲಿದ್ದ ಅಪರಿಚಿತರಿಬ್ಬರು ಏನೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದರು. ಫೋನು ಇನ್ನೊಮ್ಮೆ ನಡುಗಿತು.

"ಹರಿಣಿ, ಹರಿಣಿ ಅಂತಾನೇ ಇದಾರೆ. ಮಾತಾಡಿ ಸುಸ್ತು ಮಾಡ್ಕೋಬೇಡಿ ಅಂದಿದೀನಿ. ನರ್ಸ್‌ನ ಹೊರಗೆ ಕಳಿಸಿ ಬಾಗಿಲು ಹಾಕ್ಕೊಂಡಿದೀನಿ. ಸ್ವಲ್ಪ ನಿದ್ದೆ ಮಾಡ್ಲಿ."

ಜೈನಬ್ ವಸಂತಾರ ನಂಬರ್ ಒತ್ತಿದಳು. ಮೊದಲ ಸಲ ಎರಡು ರಿಂಗ್ ಆಗಿ ಕಟ್ಟಾಯಿತು.

ಎರಡನೆಯ ಸಲ ಫೋನು ಸ್ವಿಚ್ ಆಫ್ ಆಗಿತ್ತು.